ಒಂದೇ ಸಾವು, ಮನೆಯಲ್ಲಿ ಬೇರೆ ಬೇರೆ ದುಃಖ

ಅಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆಯೇ ಅಪ್ಪ ಹಿತ್ತಲ ಬಾಗಿಲ ಚಿಲಕ ರಿಪೇರಿಗೆ ಕೂತರು. ಸಡಿಲವಾದ ಸ್ಕ್ರೂ ಬಿಚ್ಚಿ, ತೂತಿಗೆ ಬೆಂಕಿಕಡ್ಡಿ ತುರುಕಿ, ಹೊಸ ಸ್ಕ್ರೂ ತಿರುಗಿಸಿದರು. ಒಳಗೆ ಅಕ್ಕ ಅಮ್ಮನ ಸೀರೆ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. "ಅಪ್ಪನಿಗೆ ಏನೂ ಅನ್ಸೋದೇ ಇಲ್ವಾ?" ಅಂದಳು. ನನಗೂ ಸಿಟ್ಟು ಬಂದಿತ್ತು.

ಅಳದವರನ್ನು ನಮ್ಮ ಜನ ಅನುಮಾನದಿಂದ ನೋಡುವುದು ಹೊಸದೇನಲ್ಲ. "ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡು" ಅನ್ನೋ ಮಾತು ಎಷ್ಟು ಸಾವಿನ ಮನೆಗಳಲ್ಲಿ ಕೇಳಿಲ್ಲ? ಮನಶ್ಶಾಸ್ತ್ರ ಕೂಡ ಬಹಳ ವರ್ಷ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು.

1917ರಲ್ಲಿ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್, ದುಃಖ ಅಂದರೆ ಮನಸ್ಸು ತಾನೇ ಮಾಡಿ ಮುಗಿಸಬೇಕಾದ ಒಂದು ಕೆಲಸ ಎಂದು ಬರೆದರು. ಹೋದವರ ಮೇಲಿನ ಅಂಟನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವ ಕೆಲಸ. 1937ರಲ್ಲಿ ಅದೇ ದಾರಿಯ ಮನೋವೈದ್ಯೆ ಹೆಲೆನ್ ಡಾಯ್ಚ್, ದುಃಖವೇ ಕಾಣದಿದ್ದರೆ ಅದು ಮುಂದೆ ತೊಂದರೆಯಾಗಿ ಹೊರಬರುತ್ತದೆ ಎಂದರು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್‌ನಲ್ಲಿ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದು 492 ಜನ ಸತ್ತರು. ಆ ಸಂತ್ರಸ್ತರ ಜೊತೆ ಬೇರೆ ಸಾವು ಕಂಡವರನ್ನೂ ಸೇರಿಸಿ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ವರದಿ ಬರೆದರು. ಕಳೆದುಕೊಂಡ ಭಾವವೇ ಇಲ್ಲದೆ ಸದಾ ಏನಾದರೂ ಕೆಲಸ ಮಾಡುತ್ತಿರುವುದನ್ನು ಅವರು ದಾರಿ ತಪ್ಪಿದ ದುಃಖದ ಪಟ್ಟಿಗೆ ಸೇರಿಸಿದ್ದರು. ಚಿಲಕದ ಮುಂದೆ ಕೂತ ಅಪ್ಪನನ್ನು ನೋಡಿದ್ದರೆ ಅವರೂ ಅಕ್ಕನ ಮಾತೇ ಆಡುತ್ತಿದ್ದರೋ ಏನೋ.

ಬೆಂಗಳೂರಿಗೂ ಬಾಸ್ಟನ್‌ನಂಥದ್ದೇ ಒಂದು ಬೆಂಕಿಯ ದಿನ ಬಂದಿತ್ತು. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ ಡೇರೆ ಹೊತ್ತಿ ಉರಿಯಿತು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನೂ ಮನೆಯವರನ್ನೂ ಕಳೆದುಕೊಂಡವರ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು.

ಮೊದಲು ನಂಬದಿರುವುದು, ಆಮೇಲೆ ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು ಎನ್ನುವ, ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರ 1969ರ ಐದು ಹಂತಗಳ ಮಾತು ಬಹಳ ಜನರಿಗೆ ಗೊತ್ತು. ಆದರೆ ಅದು ಹುಟ್ಟಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖಕ್ಕೆ ಅದನ್ನೇ ಅಳತೆಗೋಲು ಮಾಡಿದ್ದರಿಂದ, ನನ್ನ ಪ್ರಕಾರ, ಅನುಕೂಲಕ್ಕಿಂತ ನೋವೇ ಜಾಸ್ತಿ ಆಯಿತು.

ಗಾಳಿ ತಿರುಗಿದ್ದು 1989ರ ಸುಮಾರಿಗೆ. ಅಳದವರೆಲ್ಲ ಮುಂದೆ ಕುಸಿಯುತ್ತಾರೆ ಅನ್ನೋದಕ್ಕೆ ಪುರಾವೆ ಎಲ್ಲಿದೆ ಎಂದು ವರ್ಟ್‌ಮನ್ ಮತ್ತು ಸಿಲ್ವರ್ ಎಂಬ ಮನಶ್ಶಾಸ್ತ್ರಜ್ಞರು ಕೇಳಿದರು. ಹತ್ತು ವರ್ಷದ ನಂತರ ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು, ಮನುಷ್ಯ ಎರಡು ಕಡೆ ಓಡಾಡುತ್ತಾನೆ ಎಂದರು. ಒಮ್ಮೆ ಹೋದವರ ನೆನಪಿನ ಕಡೆ, ಒಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆ. ಎರಡೂ ಬೇಕು.

ನಮ್ಮ ಹಳ್ಳಿಗಳ ಸಾವಿನ ಮನೆಯಲ್ಲಿ ಈ ಎರಡನ್ನೂ ಹೆಂಗಸರಿಗೊಂದು, ಗಂಡಸರಿಗೊಂದು ಎಂದು ಹಂಚಿಬಿಟ್ಟಿದ್ದರು. ಹೆಂಗಸರು ಹಾಡಿ ಹಾಡಿ ಅಳಬೇಕು. ಗಂಡಸರು ಚಟ್ಟ ಕಟ್ಟಬೇಕು, ಸೌದೆ ಹೊಂದಿಸಬೇಕು. ಅಪ್ಪ ಅಲ್ಲಿಂದಲೇ ಬಂದವರು. ಅಳೋಕೆ ಅವರಿಗೆ ಯಾರೂ ಜಾಗ ಕೊಟ್ಟಿರಲಿಲ್ಲ.

ಮಗುವನ್ನು ಕಳೆದುಕೊಂಡ 219 ದಂಪತಿಗಳ ಮೇಲೆ ನೆದರ್ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಂಡನಿಗೆ ನೋವಾಗದಿರಲಿ ಎಂದು ಹೆಂಡತಿ, ಹೆಂಡತಿಗೆ ನೋವಾಗದಿರಲಿ ಎಂದು ಗಂಡ ದುಃಖ ನುಂಗಿಕೊಂಡರೆ, ಇಬ್ಬರ ದುಃಖವೂ ಹೆಚ್ಚುತ್ತದೆ ಎಂದು ಅದರಲ್ಲಿ ಕಂಡಿತು. ಇದನ್ನು ಓದಿದಾಗ ನನಗೆ ಎದೆ ಹಿಂಡಿದಂತಾಯಿತು. ಅಪ್ಪನ ಮುಂದೆ ಅಮ್ಮನ ಸುದ್ದಿ ಎತ್ತಬಾರದು ಎಂದು ನಾವೂ ಅಲ್ಲಿಯವರೆಗೆ ಬಾಯಿ ಬಿಗಿಹಿಡಿದಿದ್ದೆವು.

ಆ ಯುಗಾದಿಗೆ ಊರಿಗೆ ಹೋದಾಗ ಹಿತ್ತಲ ಬಾಗಿಲು ಹಾಕುತ್ತಾ ಅಕ್ಕ ಸುಮ್ನೆ ಕೇಳಿದಳು, "ಚಿಲಕ ಯಾಕಪ್ಪಾ ಅವತ್ತೇ ಹಾಕಿದ್ದು?"

"ನಿಮ್ಮಮ್ಮ ಆರು ತಿಂಗಳಿಂದ ಹೇಳ್ತಾನೇ ಇದ್ದಳು," ಅಂದರು ಅಪ್ಪ. ಅವತ್ತು ರಾತ್ರಿ ಹನ್ನೊಂದರವರೆಗೂ ಅಮ್ಮನ ಮಾತೇ ಮಾತು.