ಸ್ಟಿಂಗ್ ರೇ ಎಂಬ ಮೋಹ: ಹಳೆಯ ಕಾರ್ವೆಟ್ ಯಾಕೆ ಕಾಡುತ್ತದೆ

ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದ, ಅಮೆರಿಕದ ಷೆವ್ರೊಲೆ ಕಂಪನಿಯ 1963ರ ಕಾರ್ವೆಟ್ ಸ್ಟಿಂಗ್ ರೇ ಸ್ಪೋರ್ಟ್ಸ್ ಕಾರಿನ ಹಿಂದೆ ಒಂದು ನಿಮಿಷ ನಿಂತು ಕೇಳಬೇಕು. ನಮ್ಮ ಇಂದಿನ ಕಾರುಗಳ ಹಾಗೆ ಒಂದೇ ಸಮನೆ ಗುಂಯ್‌ಗುಡುವ ಸದ್ದಲ್ಲ ಅದು. ಗುಡು, ಗುಡುಗುಡು, ಗುಡು ಎಂದು ಎದೆಗೂಡಿಗೆ ತಾಗುವ, ಎಲ್ಲೋ ತಾಳ ತಪ್ಪಿದಂತೆ ಕೇಳುವ ಸದ್ದು. ಈ ಕಾರಿನ ಹುಚ್ಚು ಹಿಡಿದವರಲ್ಲಿ ಹೆಚ್ಚಿನವರು ಮೊದಲು ಮನಸೋಲುವುದು ಇದಕ್ಕೇ. ತಾಳ ತಪ್ಪಿದ್ದು ಎಂಜಿನ್ ಕೆಟ್ಟಿರುವುದರಿಂದಲ್ಲ. ಅದು ಕ್ರ್ಯಾಂಕ್‌ಶಾಫ್ಟಿನ, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿಸುವ ದಂಡದ, ಆಕಾರದಲ್ಲೇ ಇದೆ, ಕಾಗದ ಪೆನ್ಸಿಲ್ ಹಿಡಿದು ಕೂತರೆ ಲೆಕ್ಕಕ್ಕೂ ಸಿಗುತ್ತದೆ.

327 ಘನ ಇಂಚಿನ, ಅಂದರೆ ಸುಮಾರು 5.4 ಲೀಟರಿನ ಈ ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಎರಡು ಸಾಲಾಗಿ ಕೂತಿವೆ. ಎಡ ಸಾಲಿನಲ್ಲಿ 1, 3, 5, 7. ಬಲ ಸಾಲಿನಲ್ಲಿ 2, 4, 6, 8. ಕಿಡಿ ಹೊತ್ತುವ ಸರದಿ 1-8-4-3-6-5-7-2. ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಎಂಟೂ ಸಿಲಿಂಡರುಗಳು ಒಮ್ಮೊಮ್ಮೆ ಸಿಡಿಯುತ್ತವೆ. ಪ್ರತಿ 90 ಡಿಗ್ರಿಗೆ ಒಂದು. ಇಡೀ ಎಂಜಿನ್ನನ್ನು ನೋಡಿದರೆ ಲಯ ಅಚ್ಚುಕಟ್ಟಾಗಿದೆ. ಈಗ ಎಡ ಸಾಲನ್ನು ಮಾತ್ರ ಎಣಿಸಿ. 1 ಸಿಡಿದ ಮೇಲೆ 3 ಸಿಡಿಯಲು 270 ಡಿಗ್ರಿ ಕಾಯಬೇಕು. ಅಲ್ಲಿಂದ 5ಕ್ಕೆ 180. ಅದರ ಬೆನ್ನಿಗೇ, ಬರೀ 90 ಡಿಗ್ರಿಯಲ್ಲಿ, 7. ಮತ್ತೆ 1ಕ್ಕೆ ಬರಲು 180. ಬಲ ಸಾಲಿನಲ್ಲೂ ಇದೇ ಕಥೆ, ಅಲ್ಲಿ ಬೆನ್ನುಬೆನ್ನಿಗೆ ಸಿಡಿಯುವ ಜೋಡಿ 8 ಮತ್ತು 4. ಎರಡು ಸಾಲಿಗೂ ಬೇರೆ ಬೇರೆ ಸೈಲೆನ್ಸರ್ ಪೈಪು ಇರುವುದರಿಂದ ಈ ಏರುಪೇರು ಒಂದರಲ್ಲೊಂದು ಬೆರೆತು ಮರೆಯಾಗದೆ ಹಾಗೇ ಹೊರಗೆ ಬರುತ್ತದೆ.

ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 47 ಸಿಡಿತ. ಆದರೆ ಒಂದೊಂದು ಸಾಲಿನ ಏರುಪೇರಿನ ಮಾದರಿ ಮರುಕಳಿಸುವುದು ಎರಡು ಸುತ್ತಿಗೊಮ್ಮೆ, ಸೆಕೆಂಡಿಗೆ ಆರು ಸಲಕ್ಕೂ ತುಸು ಕಡಿಮೆ. ಸೆಕೆಂಡಿಗೆ ಇಪ್ಪತ್ತಕ್ಕಿಂತ ನಿಧಾನವಾದ ಮಿಡಿತ ನಮ್ಮ ಕಿವಿಗೆ ಸ್ವರವಾಗಿ ಕೇಳುವುದಿಲ್ಲ, ಬಿಡಿಬಿಡಿ ಬಡಿತವಾಗಿ ಕೇಳುತ್ತದೆ. ಆ ಗುಡುಗುಡು ಇದೇ. ಕ್ರ್ಯಾಂಕಿನ ಮೊಣಕೈಗಳನ್ನು ಕೂಡುವ ಗುರುತಿನ ಹಾಗೆ ಅಡ್ಡ-ಉದ್ದ ಕೂರಿಸದೆ ಒಂದೇ ಸಮತಲದಲ್ಲಿ ಕೂರಿಸಿದರೆ ಎಡ, ಬಲ, ಎಡ, ಬಲ ಎಂದು ಸರದಿ ಸಮನಾಗುತ್ತದೆ; ಫೆರಾರಿಯ ವಿ8 ಕಾರುಗಳ ಚೀರು ಸದ್ದು ಹುಟ್ಟುವುದು ಹಾಗೆ. ಆದರೆ ಅದರ ಜೊತೆಗೆ ನಡುಕವೂ ಬರುತ್ತದೆ. ಅಮೆರಿಕದವರು ನಡುಕ ಬೇಡವೆಂದು ಅಡ್ಡ-ಉದ್ದದ ಕ್ರ್ಯಾಂಕನ್ನು ಆರಿಸಿಕೊಂಡರು, ಈ ಸದ್ದು ಅದರ ಜೊತೆಗೆ ಬಂತು.

ಕಾರ್ವೆಟ್ ಹುಟ್ಟಿದ್ದು ಇದಕ್ಕೂ ಹತ್ತು ವರ್ಷ ಮೊದಲು, 1953ರಲ್ಲಿ, ಮಿಶಿಗನ್‌ನ ಫ್ಲಿಂಟ್‌ನಲ್ಲಿ. ಮೊದಲ ವರ್ಷ ತಯಾರಾದದ್ದು 300 ಕಾರು, ಎಲ್ಲವೂ ಬಿಳಿ ಬಣ್ಣ, ಒಳಗೆ ಕೆಂಪು, ಆರು ಸಿಲಿಂಡರಿನ 150 ಅಶ್ವಶಕ್ತಿಯ ಎಂಜಿನ್. 1955ರಲ್ಲಿ ವಿ8 ಬಂತು. ಜೋರಾ ಆರ್ಕಸ್-ಡಂಟೋವ್ ಎಂಬ ಎಂಜಿನಿಯರ್ ಅದನ್ನು ನಿಜವಾದ ಸ್ಪೋರ್ಟ್ಸ್ ಕಾರಾಗಿಸಲು ಪಟ್ಟುಹಿಡಿದ. 1963ರಿಂದ 1967ರವರೆಗಿನ ಐದು ವರ್ಷದ ಸ್ಟಿಂಗ್ ರೇ ಆ ಪಟ್ಟಿನ ಫಲ. ಒಟ್ಟು 1,17,964 ಕಾರುಗಳು. ಹಿಂಬದಿಯ ಗಾಜನ್ನು ನಡುವೆ ಒಂದು ಪಟ್ಟಿ ಸೀಳಿರುವುದು ಮೊದಲ ವರ್ಷದ ಕೂಪೆಯಲ್ಲಿ (ಗಟ್ಟಿ ಚಾವಣಿಯ ಮಾದರಿಯಲ್ಲಿ) ಮಾತ್ರ. ಹಿಂದೆ ಸರಿಯಾಗಿ ಕಾಣಿಸುವುದಿಲ್ಲವೆಂದು ಡಂಟೋವ್‌ಗೆ ಅದು ಹಿಡಿಸಿರಲಿಲ್ಲ. ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಅದೇ ಪ್ರಾಣ. 1964ರಲ್ಲಿ ಪಟ್ಟಿ ಹೋಯಿತು. ಇಂದು ಜನ ಹುಡುಕಿಕೊಂಡು ಹೋಗುವುದು ಆ ಸೀಳುಗಾಜಿನ 10,594 ಕೂಪೆಗಳನ್ನೇ.

ಓಡಿಸುವಾಗ ಸಿಗುವ ಸುಖ ಸದ್ದಿಗಿಂತ ಹೆಚ್ಚಾಗಿ ಎಳೆತದ್ದು, ನಮ್ಮ ಕಡೆ ಪಿಕಪ್ ಅನ್ನುತ್ತೇವಲ್ಲ, ಅದು. 300 ಅಶ್ವಶಕ್ತಿಯ ಮಾದರಿಗೆ ಕಂಪನಿ ಹೇಳಿದ್ದ ಟಾರ್ಕ್, ಅಂದರೆ ತಿರುಗಿಸುವ ಬಲ, 360 ಪೌಂಡ್-ಅಡಿ, ಸುಮಾರು 488 ನ್ಯೂಟನ್ ಮೀಟರ್. ನಮ್ಮ ರಸ್ತೆಗಳ 1.2 ಲೀಟರಿನ ಪೆಟ್ರೋಲ್ ಕಾರಿನಲ್ಲಿ ಅದು 110ರ ಆಸುಪಾಸು. ಒಂದು ಮಾತು ನೆನಪಿರಲಿ: ಆ ಕಾಲದ ಅಂಕಿಗಳನ್ನು ಏರ್ ಕ್ಲೀನರ್, ಪೂರ್ತಿ ಸೈಲೆನ್ಸರ್ ಯಾವುದೂ ಇಲ್ಲದೆ ಎಂಜಿನ್ನನ್ನು ಬೆಂಚಿನ ಮೇಲಿಟ್ಟು ಅಳೆಯುತ್ತಿದ್ದರು. 1972ರಿಂದ ಎಲ್ಲ ಜೋಡಿಸಿ ಅಳೆಯತೊಡಗಿದಾಗ ಅಂಕಿಗಳು ಧೊಪ್ಪನೆ ಇಳಿದವು. ಹಾಗಾಗಿ 1963ರ 300ನ್ನು ಇಂದಿನ 300ಕ್ಕೆ ಹೋಲಿಸಬಾರದು. ಆದರೂ ಕಡಿಮೆ ಸುತ್ತಿನಲ್ಲೇ ಸಿಗುವ ಆ ಎಳೆತ ನಿಜವಾದದ್ದು.

ಇನ್ನು ಮೈ. ಕಾರ್ವೆಟ್‌ನ ಹೊರಮೈ ಉಕ್ಕಿನದಲ್ಲ, ಫೈಬರ್‌ಗ್ಲಾಸ್‌ನದು. ಈ ಕಾರಿನ ಅರ್ಧ ವಿಚಿತ್ರಗಳು ಇಲ್ಲಿಂದಲೇ ಶುರು. ಮಾಮೂಲಿ ಕಾರಿನಲ್ಲಿ ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ ಸಾಕು, ವಾಪಸು ದಾರಿ ಲೋಹದ ಮೈಯೇ. ಫೈಬರ್‌ಗ್ಲಾಸ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ತಂತಿ ಬೇಕು, ಆ ತಂತಿಯ ತುದಿಯಲ್ಲಿ ಕಿಲುಬು ಕಟ್ಟಿದರೆ ದೀಪ ಮಂಕು. ಪೆಟ್ರೋಲ್ ಟ್ಯಾಂಕಿನ ಅರ್ತ್ ಕಳಚಿದರೆ ಮುಳ್ಳು ಫುಲ್ ದಾಟಿ ನಿಲ್ಲುತ್ತದೆ, ಯಾಕೆಂದರೆ ಈ ಗೇಜಿನಲ್ಲಿ ರೋಧ ಹೆಚ್ಚಾದಷ್ಟೂ ಮುಳ್ಳು ಮೇಲೇರುತ್ತದೆ, ತಂತಿ ಕಡಿದರೆ ರೋಧ ಅಪಾರ. ಟ್ಯಾಂಕ್ ಖಾಲಿಯಾಗಿ ರಸ್ತೆಯಲ್ಲಿ ನಿಂತವರಿಗೆ ಈ ಪಾಠ ಚೆನ್ನಾಗಿ ಗೊತ್ತು.

ಬಾನೆಟ್ ಎತ್ತಿದರೆ, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ಫಳಫಳ ಹೊಳೆಯುವ ಕ್ರೋಮಿನ ಮುಚ್ಚಳ ಕಾಣುತ್ತದೆ. ನೋಡಿದವರು ಅಲಂಕಾರ ಎಂದುಕೊಳ್ಳುತ್ತಾರೆ. ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೊ ಕೇಂದ್ರ. ಉಕ್ಕಿನ ಬಾನೆಟ್ ಆ ಅಲೆಗಳನ್ನು ತಡೆಯುತ್ತದೆ, ಫೈಬರ್‌ಗ್ಲಾಸ್ ಬಿಟ್ಟುಬಿಡುತ್ತದೆ. ಮುಚ್ಚಳ ತೆಗೆದಿಟ್ಟು ರೇಡಿಯೊ ಹಚ್ಚಿದರೆ ಎಂಜಿನ್ ಏರಿದಂತೆ ಏರುವ ಕರಕರ ಸದ್ದು ಹಾಡಿನ ಜೊತೆಗೆ ಬರುತ್ತದೆ.

ಫೈಬರ್‌ಗ್ಲಾಸ್‌ಗೆ ತುಕ್ಕಿಲ್ಲ ಎಂಬ ಮಾತನ್ನು ನಂಬಿ ಮೋಸ ಹೋದವರು ಬಹಳ. ಮೈಗೆ ತುಕ್ಕಿಲ್ಲ, ನಿಜ. ಅದರೊಳಗೆ ಮುಂಗಾಜು, ಬಾಗಿಲುಗಳನ್ನು ಹಿಡಿದು ನಿಂತಿರುವುದು ಉಕ್ಕಿನ ಚೌಕಟ್ಟು. ಬಲ್ಲವರು ಅದನ್ನು ‘ಬರ್ಡ್‌ಕೇಜ್’, ಹಕ್ಕಿಗೂಡು, ಅನ್ನುತ್ತಾರೆ. ಮುಂಗಾಜಿನ ಮೂಲೆಯಿಂದ ಜಿನುಗಿದ ನೀರು ಕಂಬದ ಒಳಗೆ ಇಳಿದು ಬುಡದಲ್ಲಿ ನಿಲ್ಲುತ್ತದೆ. ಹೊರಗೆ ಮೈ ಕನ್ನಡಿಯ ಹಾಗಿರುತ್ತದೆ, ಒಳಗೆ ಬುಡ ಹಪ್ಪಳವಾಗಿರುತ್ತದೆ. ಕೊಳ್ಳುವ ಮುನ್ನ ಕಾಲಿಡುವ ಜಾಗದ ಪಕ್ಕದ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಸಿ, ಟಾರ್ಚು ಬಿಟ್ಟು ಕಂಬದ ಬುಡ ನೋಡಲೇಬೇಕು. ಮಾರುವವರು ಬಿಚ್ಚಲು ಬಿಡದಿದ್ದರೆ ಆ ಕಾರು ಬೇಡ. ಆಮೇಲೆ ಕೆಳಗೆ ನುಸುಳಿ ಹಿಂಚಕ್ರದ ಮುಂದೆ ಚಾಸಿ ಮೇಲಕ್ಕೆ ಬಾಗುವ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಎಂದರೆ ಸರಿ, ದಪ್ ಎಂದರೆ ಒಳಗೆ ಕೆಸರು, ತುಕ್ಕು ತುಂಬಿದೆ.

ಅಪಘಾತವಾದ ಮೈಯನ್ನು ಪತ್ತೆ ಮಾಡುವುದು ಅಷ್ಟು ಕಷ್ಟವಲ್ಲ. ಕಾರ್ಖಾನೆಯ ತುಂಡುಗಳನ್ನು ಗಂಡು ಹೆಣ್ಣು ಅಚ್ಚುಗಳ ನಡುವೆ ಒತ್ತಿ ತೆಗೆದದ್ದರಿಂದ ಎರಡು ಬದಿಯೂ ನುಣುಪು. ಕೈಯಲ್ಲಿ ಹಾಸಿ ಮಾಡಿದ ತುಂಡಿನ ಒಳಬದಿ ಒರಟು, ನಾರು ಕೈಗೆ ತಾಗುತ್ತದೆ. ಚಕ್ರದ ಕಮಾನಿನ ಒಳಗೆ ಕೈ ಹಾಕಿ ಸವರಿದರೆ ಸಾಕು.

ಹಿಂದಿನ ಸಸ್ಪೆನ್ಷನ್ ನನ್ನ ಮಟ್ಟಿಗೆ ಈ ಕಾರಿನ ಅತ್ಯಂತ ಜಾಣ ಭಾಗ. ಲಾರಿಯಲ್ಲಿರುವಂಥದೇ ಪಟ್ಟಿ ಸ್ಪ್ರಿಂಗು, ಒಂಬತ್ತು ಪಟ್ಟಿ, ಆದರೆ ಉದ್ದಕ್ಕಲ್ಲ, ಅಡ್ಡಲಾಗಿ. ಚಕ್ರಕ್ಕೆ ಶಕ್ತಿ ಒಯ್ಯುವ ಅರ್ಧ ಆಕ್ಸಲ್ಲೇ ಚಕ್ರವನ್ನು ಹಿಡಿದಿಡುವ ಮೇಲಿನ ತೋಳೂ ಹೌದು. ಒಂದೇ ಬಿಡಿಭಾಗಕ್ಕೆ ಎರಡು ಕೆಲಸ. ದೋಷವೂ ಅಲ್ಲೇ ಇದೆ: ತಿರುವಿನಲ್ಲಿ ಬೀಳುವ ಪಕ್ಕದ ಒತ್ತಡವೆಲ್ಲ ಆಕ್ಸಲ್ ಮೂಲಕ ಡಿಫರೆನ್ಷಿಯಲ್ (ಎರಡು ಹಿಂಚಕ್ರಕ್ಕೂ ಶಕ್ತಿ ಹಂಚುವ ಗೇರುಪೆಟ್ಟಿಗೆ) ಒಳಗಿನ ಯೋಕ್‌ನ, ಅಂದರೆ ಆಕ್ಸಲ್ ಸೇರುವ ಕವಲಿನ, ತುದಿಗೆ ಹೋಗುತ್ತದೆ, ಆ ತುದಿ ಸವೆಯುತ್ತದೆ. ಜಾಕ್ ಕೊಟ್ಟು ಹಿಂಚಕ್ರದ ಮೇಲ್ಭಾಗವನ್ನು ಒಳಗೂ ಹೊರಗೂ ತಳ್ಳಿ ನೋಡಿ. ಡಿಫರೆನ್ಷಿಯಲ್ ಸೀಲಿನ ಹತ್ತಿರ ಯೋಕ್ ಒಳಹೊರಗೆ ಆಡಿದರೆ ಬಿಚ್ಚುವ ಕೆಲಸ ಕಾದಿದೆ.

1965ರಿಂದ ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್ ಬಂತು, ಡಿಸ್ಕನ್ನು ಹಿಡಿದು ಒತ್ತುವ ಒಂದೊಂದು ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್. ಆ ಕಾಲಕ್ಕೆ ಅದ್ಭುತ. ಇಂದಿನ ಮಾಲೀಕರ ತಲೆಬಿಸಿಯೂ ಅದೇ. ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಬ್ಲೀಡ್ ಮಾಡಿ ಗಾಳಿ ತೆಗೆದರೆ ಗಟ್ಟಿಯಾಗುತ್ತದೆ. ಕೆಲವು ವಾರ ಕಳೆದರೆ ಮತ್ತೆ ಮೆತ್ತಗೆ. ಆಯಿಲ್ ಎಲ್ಲೂ ಸೋರಿರುವುದಿಲ್ಲ. ಗಾಳಿ ಎಲ್ಲಿಂದ ಬಂತು?

ಪಿಸ್ಟನ್ನಿನ ಸೀಲು ತುಟಿಯಾಕಾರದ್ದು. ಒಳಗಿನ ಒತ್ತಡಕ್ಕೆ ತುಟಿ ಬಿರಿದು ಗೋಡೆಗೆ ಒತ್ತಿಕೊಳ್ಳುತ್ತದೆ, ಆಯಿಲ್ ಹೊರಬರದಂತೆ ತಡೆಯುತ್ತದೆ. ಹೊರಗಿನಿಂದ ಒಳಬರುವ ಗಾಳಿಯನ್ನು ಅದು ತಡೆಯಲಾರದು. ಡಿಸ್ಕ್ ಸ್ವಲ್ಪ ಓಲಾಡುತ್ತಾ ತಿರುಗಿದರೆ ಪ್ರತಿ ಸುತ್ತಿಗೂ ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳುತ್ತದೆ, ಹಿಂದಿರುವ ಪುಟ್ಟ ಸ್ಪ್ರಿಂಗು ಮತ್ತೆ ಮುಂದಕ್ಕೆ ದಬ್ಬುತ್ತದೆ. ಸೈಕಲ್ ಪಂಪಿನ ಕೆಲಸವೇ ಇದು. ಸಾವಿರಾರು ಸಲ ಆಗುವಾಗ ಗುಳ್ಳೆ ಗುಳ್ಳೆಯಾಗಿ ಗಾಳಿ ಒಳಗೆ ಸೇರುತ್ತದೆ. ಕಾರ್ಖಾನೆಯಲ್ಲಿ ಡಿಸ್ಕನ್ನು ಚಕ್ರ ಕೂರುವ ಹಬ್ಬಿಗೆ (ಹಬ್) ರಿವೆಟ್ ಹೊಡೆದು, ಎರಡನ್ನೂ ಒಟ್ಟಿಗೆ ಲೇಥಿನಲ್ಲಿ ತಿರುವಿ ಸಮ ಮಾಡುತ್ತಿದ್ದರು. ಮುಂದೆ ಯಾರೋ ರಿವೆಟ್ ಕೊರೆದು ಹೊಸ ಡಿಸ್ಕ್ ಕೂರಿಸಿದಾಗ ಆ ಸಮತೆ ಹೋಯಿತು. ಹಾಗಾಗಿ ಕ್ಯಾಲಿಪರ್ ಬದಲಿಸುವ ಮೊದಲು ಡಯಲ್ ಗೇಜ್ ಹಿಡಿದು ಓಲಾಟ ಅಳೆಯಬೇಕು. 0.005 ಇಂಚು, ಅಂದರೆ 0.13 ಮಿ.ಮೀ. ಮೇಲ್ಮಿತಿ, 0.002ಕ್ಕೆ ತಂದರೆ ನೆಮ್ಮದಿ. ಡಿಸ್ಕನ್ನು ಹಬ್ಬಿನ ಮೇಲೆ ಬೇರೆ ತೂತಿಗೆ ತಿರುಗಿಸಿ ಕೂರಿಸಿ ನೋಡಿ, ಆಗದಿದ್ದರೆ ತೆಳು ಶಿಮ್ (ಲೋಹದ ಹಾಳೆ) ಹಾಕಿ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕ್ ಆಯಿಲ್ ನೀರು ಹೀರಿ ಸಿಲಿಂಡರಿನ ಗೋಡೆಗೆ ತುಕ್ಕಿನ ಕುಳಿ ಬಿದ್ದಿರುತ್ತದೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಹಾಕಿಸಿದ ಕ್ಯಾಲಿಪರೇ ಮದ್ದು.

ಈ ಕಾರಿನಲ್ಲಿ ಒಂದು ದೋಷಕ್ಕೆ ಒಂದು ಕಾರಣ ಇರುತ್ತದೆ, ಅದನ್ನು ಕಣ್ಣಿಂದಲೋ ಬೆರಳಿಂದಲೋ ಹಿಡಿಯಬಹುದು. ಮೋಹದ ಬೇರು ಇಲ್ಲಿದೆ ಎಂದು ನನ್ನ ದೃಢ ನಂಬಿಕೆ. ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಪಾಯಿಂಟನ್ನೇ ನೋಡಿ. ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ಒಂದು ಪುಟ್ಟ ಕಿಟಕಿ ಇದೆ. ಅದನ್ನು ಸರಿಸಿ, ಎಂಜಿನ್ ಓಡುತ್ತಿರುವಾಗಲೇ 1/8 ಇಂಚಿನ ಅಲೆನ್ ಕೀ ತೂರಿಸಿ ಬಲಕ್ಕೆ ತಿರುಗಿಸುತ್ತಾ ಹೋಗಬೇಕು. ಎಂಜಿನ್ ಮಿಸ್ ಹೊಡೆಯಲು ಶುರುವಾದ ಕ್ಷಣ ನಿಲ್ಲಿಸಿ, ಎಡಕ್ಕೆ ಅರ್ಧ ಸುತ್ತು. ಮುಗಿಯಿತು. ಮೀಟರ್ ಇದ್ದವರು ಡ್ವೆಲ್, ಅಂದರೆ ಪಾಯಿಂಟು ಮುಚ್ಚಿರುವ ಕೋನ, 30 ಡಿಗ್ರಿಗೆ ಬಂದಿದೆಯೇ ಎಂದು ನೋಡಿಕೊಳ್ಳಬಹುದು. ಪಾನಾಗಳು ಮಾತ್ರ ಇಂಚಿನವೇ ಆಗಬೇಕು. 1/2 ಇಂಚಿನ ಬೋಲ್ಟಿಗೆ ನಮ್ಮ 13 ನಂಬರ್ ಸ್ಪ್ಯಾನರ್ ಕೂತಂತೆ ಕಂಡರೂ 0.3 ಮಿ.ಮೀ. ಸಡಿಲ, ಬಿಗಿಯಾದ ಬೋಲ್ಟಿನ ಮೂಲೆ ಸವೆಸಿಬಿಡುತ್ತದೆ.

ಎಂಜಿನ್ ಹೊಸದಾಗಿ ಕಟ್ಟಿಸಿದವರು ತಪ್ಪುವುದು ಮೊದಲ ಅರ್ಧ ಗಂಟೆಯಲ್ಲಿ. ವಾಲ್ವುಗಳನ್ನು ತೆರೆಸುವ ಕ್ಯಾಮಿನ ಮೈ ತುಸು ಓರೆ, ಅದರ ಮೇಲೆ ಕೂತು ಆಡುವ ಟ್ಯಾಪೆಟ್ಟಿನ ತಳ ತುಸು ಉಬ್ಬು. ಹಾಗಾಗಿ ಟ್ಯಾಪೆಟ್ ಮೇಲೆ ಕೆಳಗೆ ಆಡುತ್ತಲೇ ತಿರುಗುತ್ತಲೂ ಇರುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ. ಹೊಸ ಕ್ಯಾಮಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಚಿಮ್ಮಿಸಿದ್ದರಿಂದ. ಅದಕ್ಕೇ ಚಾಲೂ ಮಾಡಿದ ಕೂಡಲೇ 2,000 ಸುತ್ತಿಗೆ ಏರಿಸಿ 20ರಿಂದ 30 ನಿಮಿಷ ಇಳಿಸಬಾರದು. ಇಂದಿನ ಸಾಧಾರಣ ಎಂಜಿನ್ ಆಯಿಲಿನಲ್ಲಿ ಜಿಂಕ್-ಫಾಸ್ಫರಸ್ ಅಂಶ ಕಡಿಮೆ ಮಾಡಿದ್ದಾರೆ; ಅದು ಹೆಚ್ಚಿರುವ, ಹಳೆಯ ಎಂಜಿನ್ನುಗಳಿಗೆಂದೇ ಮಾಡಿದ ಆಯಿಲ್ ಹಾಕಬೇಕು, ಫಿಲ್ಟರ್ ಸೇರಿ ಸುಮಾರು 4.7 ಲೀಟರ್.

ಕೊನೆಯದಾಗಿ ಜಾತಕ. ಎಂಜಿನ್ ಆ ಕಾರಿನೊಂದಿಗೇ ಹುಟ್ಟಿದ್ದೋ ಆಮೇಲೆ ತಂದು ಕೂರಿಸಿದ್ದೋ ಎಂಬುದರ ಮೇಲೆ ಬೆಲೆ ಬಹಳ ಬದಲಾಗುತ್ತದೆ. ಬಲ ಸಾಲಿನ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಬೆರಳಗಲದ ಒಂದು ಸಪಾಟು ಜಾಗವಿದೆ. ಅಲ್ಲಿ ‘ಎಫ್0315ಆರ್‌ಡಿ’ ಎಂಬಂಥ ಗುರುತು ಒತ್ತಿರುತ್ತಾರೆ. ಎಫ್ ಎಂದರೆ ಫ್ಲಿಂಟ್, 0315 ಎಂದರೆ ಮಾರ್ಚ್ 15, ಆರ್‌ಡಿ ಎಂದರೆ 1963ರಲ್ಲಿ ಕೈಗೇರಿನ 300 ಅಶ್ವಶಕ್ತಿಯ ಎಂಜಿನ್. ಬ್ಲಾಕ್ ಎರಕ ಹೊಯ್ದ ತಾರೀಕು ಹಿಂದೆ ಬೇರೆ ಕಡೆ ಇರುತ್ತದೆ. ಅದು ಈ ತಾರೀಕಿಗಿಂತ ಮುಂಚಿನದಾಗಿರಬೇಕು, ಕಾರು ತಯಾರಾದ ದಿನ ಇದಕ್ಕಿಂತ ಆಮೇಲಿನದಾಗಿರಬೇಕು. ಆ ಸಪಾಟು ಜಾಗದಲ್ಲಿ ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ಗೀರುಗಳೂ ಇರುತ್ತವೆ, ಉದ್ದಕ್ಕೆ, ಕೂದಲೆಳೆಯಷ್ಟು ಸಣ್ಣ. ಸುಳ್ಳು ನಂಬರ್ ಒತ್ತುವವರು ಮೊದಲು ಹಳೆಯದನ್ನು ಉಜ್ಜಿ ತೆಗೆಯುವುದರಿಂದ ಆ ಗೀರುಗಳು ಹೋಗಿರುತ್ತವೆ. ಹಾಗಾಗಿ ಅಲ್ಲಿ ಜಿಡ್ಡು ಕಟ್ಟಿದ್ದರೆ ತಂತಿ ಬ್ರಷ್ಷಾಗಲಿ ಎಮರಿ ಕಾಗದವಾಗಲಿ ಮುಟ್ಟಿಸಬೇಡಿ. ಥಿನ್ನರಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು, ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮೊದಲು ಗೀರುಗಳು ಕಾಣುತ್ತವೆ, ಆಮೇಲೆ ಅವುಗಳ ಮೇಲೆ ಅಕ್ಷರಗಳು.