ದನಿ ನಂದೇ, ಮಾತು ನಂದಲ್ಲ

ಕಂಠದಾನ ಕಲಾವಿದರೊಬ್ಬರು ಕಚೇರಿಗೆ ಬಂದು ಮೊಬೈಲಿನಲ್ಲಿ ಒಂದು ಜಾಹೀರಾತು ಕೇಳಿಸಿದರು. "ಸರ್, ದನಿ ನಂದೇ. ಆದ್ರೆ ಇದನ್ನ ನಾನು ಮಾತಾಡೇ ಇಲ್ಲ. ಕಾಪಿರೈಟ್ ಕೇಸ್ ಹಾಕಬಹುದಾ?"

ಬರೀ ಅದನ್ನು ನೆಚ್ಚಿಕೊಂಡರೆ ಕಷ್ಟ. ಕಾಪಿರೈಟ್ ಕಾಯ್ದೆ ಕಾಯುವುದು ಧ್ವನಿಮುದ್ರಣವನ್ನು, ಕಂಠವನ್ನಲ್ಲ. 38ನೇ ಕಲಮಿನಲ್ಲಿ ಕಲಾವಿದರಿಗೆ 50 ವರ್ಷದ ಹಕ್ಕಿದೆ ನಿಜ. ಅದು ನೀವು ಹಾಡಿದ್ದಕ್ಕೆ, ಆಡಿದ್ದಕ್ಕೆ. ನಿಮ್ಮ ಹಳೆಯ ರೆಕಾರ್ಡಿಂಗಿನಿಂದ ಕಲಿತ ಎಐ ಯಂತ್ರ ಹೊಸ ಮಾತು ಹುಟ್ಟಿಸಿದರೆ, "ಇದು ಯಾವ ಪ್ರದರ್ಶನದ ನಕಲು, ತೋರಿಸಿ" ಎಂದೇ ಎದುರು ವಕೀಲರು ಶುರು ಮಾಡುತ್ತಾರೆ.

ಆದ್ದರಿಂದ ನಾವು ಹಿಡಿಯುವುದು ವ್ಯಕ್ತಿತ್ವದ ಹಕ್ಕನ್ನು, ಅಂದರೆ ನಮ್ಮ ಹೆಸರು, ಮುಖ, ದನಿಯನ್ನು ಬೇರೆಯವರು ಕೇಳದೆ ಬಳಸದಂತೆ ತಡೆಯುವ ಹಕ್ಕನ್ನು. ಅದಕ್ಕೆಂದೇ ಒಂದು ಕಾಯ್ದೆ ನಮ್ಮಲ್ಲಿಲ್ಲ. ಕೋರ್ಟುಗಳೇ ತೀರ್ಪಿನ ಮೇಲೆ ತೀರ್ಪಿಟ್ಟು ಕಟ್ಟಿದ್ದು. 2023ರಲ್ಲಿ ದೆಹಲಿ ಹೈಕೋರ್ಟ್ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಯ ಜೊತೆಗೆ 'ಝಕಾಸ್' ಎಂಬ ಅವರ ವರಸೆಗೂ ರಕ್ಷಣೆ ಕೊಟ್ಟಿತು. ನಮ್ಮ ಕಲಾವಿದರಿಗೆ ಹತ್ತಿರದ್ದು 2024ರ ಅರಿಜಿತ್ ಸಿಂಗ್ ಪ್ರಕರಣ. ಯಾರ ದನಿಯನ್ನಾದರೂ ಗಾಯಕರ ದನಿಯಾಗಿಸುವ ಎಐ ಉಪಕರಣವನ್ನು ಅನುಮತಿಯಿಲ್ಲದೆ ಒದಗಿಸುವುದೇ ತಪ್ಪು ಎಂದಿತು ಬಾಂಬೆ ಹೈಕೋರ್ಟ್.

ಆದರೆ ಇವರೆಲ್ಲ ದೇಶಕ್ಕೇ ಗೊತ್ತಿರುವವರು. ರೇಡಿಯೊದಲ್ಲಿ ದನಿ ಕೇಳಿದರೂ ಹೆಸರು ಗೊತ್ತಿಲ್ಲದವರಿಗೆ? ಅಲ್ಲಿ ಖಾಸಗಿತನ ನೆರವಿಗೆ ಬರುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕು ಎಂದಿತು. ಅರ್ಜಿದಾರರಾಗಿದ್ದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ನಕಲಿ ದನಿಯಿಂದ ದುಡ್ಡು ಕಿತ್ತಿದ್ದರೆ ಐಟಿ ಕಾಯ್ದೆಯ 66ಡಿ ಇದೆ, 3 ವರ್ಷದವರೆಗೆ ಸಜೆ. ದುಡ್ಡು ಕಳೆದುಕೊಂಡವರು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ವಕೀಲರು ಆಮೇಲೆ.

ಸಿಟ್ಟಿನಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಮೊದಲು ಡಿಲೀಟ್ ಮಾಡಿಸುತ್ತಾರೆ. ಮಾಡಿಸಿದ ಮೇಲೆ ಸಾಕ್ಷ್ಯ ಎಲ್ಲಿ? ಲಿಂಕು, ದಿನಾಂಕ, ಫೈಲು ಮೊದಲು ಇಟ್ಟುಕೊಳ್ಳಿ. ಡಿಜಿಟಲ್ ದಾಖಲೆಗೆಂದೇ ಇರುವ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವಿಲ್ಲದೆ ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ.

ನಮ್ಮ ಕಲಾವಿದರು ಎಲ್ಲ ಇಟ್ಟುಕೊಂಡಿದ್ದರು. ತೊಡಕು ಬೇರೆ ಕಡೆ ಇತ್ತು. ಸ್ಟುಡಿಯೊದಲ್ಲಿ ಪೇಮೆಂಟ್ ವೋಚರ್ ಜೊತೆ ಇಂಗ್ಲಿಷಿನ ಎರಡು ಪುಟಕ್ಕೆ ಓದದೇ ಸಹಿ ಹಾಕಿದ್ದರು: "ಈಗಿರುವ ಹಾಗೂ ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ" ಬಳಸಬಹುದು ಅಂತ. ಇದ್ದ ರೆಕಾರ್ಡಿಂಗನ್ನು ಹೊಸ ಮಾಧ್ಯಮದಲ್ಲಿ ಹಾಕುವುದು ಬೇರೆ, ಅದರಿಂದ ಹೊಸ ದನಿ ತಯಾರಿಸುವುದು ಬೇರೆ ಎಂದು ನೋಟಿಸಿನಲ್ಲಿ ಬರೆದಿದ್ದೇನೆ. ಅವರ ಮುಂದಿನ ಒಪ್ಪಂದಕ್ಕೂ ಒಂದು ಸಾಲು ಸೇರಿಸಿಕೊಟ್ಟೆ: "ಎಐ ತರಬೇತಿಗೆ, ದನಿಯ ನಕಲಿಗೆ ಈ ಒಪ್ಪಿಗೆ ಅನ್ವಯಿಸುವುದಿಲ್ಲ."