ಗುರುತ್ವ ಅಳೆಯಲು ಹೋದರೆ ಮಿಕ್ಕಿದ್ದೆಲ್ಲ ಅಡ್ಡ ಬರುತ್ತದೆ

ಒಂದು ಪುಟ್ಟ ಅಯಸ್ಕಾಂತ ಗುಂಡುಸೂಜಿಯನ್ನು ಎತ್ತಿಕೊಳ್ಳುತ್ತದೆ, ಅತ್ತ ಇಡೀ ಭೂಮಿ ಅದನ್ನು ಕೆಳಗೆ ಎಳೆಯುತ್ತಿದ್ದರೂ. ಗುರುತ್ವ ಅಷ್ಟು ಬಡಪಾಯಿ. ಭಾರವಾದ ವಸ್ತು ತನ್ನ ಸುತ್ತಲಿನ ದೇಶಕಾಲವನ್ನೇ, ಅಂದರೆ ಜಾಗ ಮತ್ತು ಸಮಯ ಎರಡನ್ನೂ, ಬಾಗಿಸುತ್ತದೆ, ಅದೇ ಗುರುತ್ವ ಅಂತ ಐನ್‌ಸ್ಟೈನ್ 1915ರಲ್ಲಿ ಹೇಳಿದ್ದು ನಿಜವಾ ಅಂತ ನೆಲದ ಮೇಲೆ ನೋಡಲು ಹೋದರೆ ನಡುಕ, ಗಾಳಿ, ಬಿಸಿ ಎಲ್ಲವೂ ಗಲಾಟೆ ಮಾಡುತ್ತವೆ. ಸರಿ, ಆಕಾಶಕ್ಕೇ ಹೋಗೋಣ ಅಂದುಕೊಂಡರು.

1976ರ ಜೂನ್‌ನಲ್ಲಿ ನಾಸಾ ಒಂದು ಹೈಡ್ರೋಜನ್ ಮೇಸರ್ ಗಡಿಯಾರವನ್ನು (ತುಂಬಾ ನಿಖರವಾದ ಪರಮಾಣು ಗಡಿಯಾರ) ಸುಮಾರು 10,000 ಕಿ.ಮೀ. ಮೇಲಕ್ಕೆ ಹಾರಿಸಿತು. ಕಕ್ಷೆ ಗಿಕ್ಷೆ ಏನೂ ಇಲ್ಲ, ಎರಡು ಗಂಟೆಯೊಳಗೆ ಅಟ್ಲಾಂಟಿಕ್‌ಗೆ ಬಿತ್ತು. ಗುರುತ್ವ ಕಡಿಮೆ ಇರುವ ಮೇಲೆ ಗಡಿಯಾರ ಬೇಗ ಓಡುತ್ತದೆ ಅನ್ನುವ ಐನ್‌ಸ್ಟೈನ್ ಲೆಕ್ಕ ಮಾತ್ರ ಸರಿಯಾಗಿತ್ತು, ಹತ್ತು ಲಕ್ಷಕ್ಕೆ 70 ಭಾಗದಷ್ಟು ನಿಖರವಾಗಿ.

ನಿಜವಾದ ಪಾಡು ನಾಸಾದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದ್ದು. ಭೌತವಿಜ್ಞಾನಿ ಲಿಯೊನಾರ್ಡ್ ಶಿಫ್ 1960ರಲ್ಲಿ ಬರೆದ ಐಡಿಯಾ, ಹಾರಿದ್ದು 2004ರಲ್ಲಿ! ತಿರುಗುವ ಭೂಮಿ ತನ್ನ ಸುತ್ತಲಿನ ದೇಶಕಾಲವನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ, ಹಾಗಾಗಿ ಗಿರಗಿರ ತಿರುಗುವ ಚೆಂಡಿನ ಅಕ್ಷ ವಾಲುತ್ತಾ ಹೋಗಬೇಕು. ಎಷ್ಟು ಗೊತ್ತಾ? ಒಂದು ಡಿಗ್ರಿ ವಾಲಲು ಸುಮಾರು 92,000 ವರ್ಷ. ಇದನ್ನು ಹಿಡಿಯಲು ಪಿಂಗ್‌ಪಾಂಗ್ ಚೆಂಡಿನಷ್ಟಿರುವ ನಾಲ್ಕು ಸ್ಫಟಿಕದ ಗುಂಡುಗಳನ್ನು ಮಾಡಿದರು. ಎಷ್ಟು ನುಣುಪು ಅಂದರೆ, ಒಂದನ್ನು ಭೂಮಿಯಷ್ಟು ಹಿಗ್ಗಿಸಿದರೂ ಅದರ ಮೇಲಿನ ದೊಡ್ಡ ಬೆಟ್ಟ ಕೆಲವೇ ಮೀಟರ್. ಅವನ್ನು ದ್ರವ ಹೀಲಿಯಂನ ಚಳಿಯಲ್ಲಿಟ್ಟು, ಅಕ್ಷ ವಾಲಿದ್ದು ತಿಳಿಯಲಿ ಅಂತ ಒಂದು ನಕ್ಷತ್ರದ ಕಡೆ ಗುರಿ ಮಾಡಿದರು.

ಇಷ್ಟೆಲ್ಲ ಮಾಡಿದ ಮೇಲೂ ಗುಂಡು ತೂರಾಡಿತು! ಗುಂಡಿನ ಮೇಲೆ, ಅದನ್ನಿಟ್ಟ ಗೂಡಿನ ಒಳಗೋಡೆಯ ಮೇಲೆ ಅಲ್ಲಲ್ಲಿ ವಿದ್ಯುತ್ತಿನ ಕಲೆಗಳಿದ್ದು ಅವು ಒಂದನ್ನೊಂದು ಜಗ್ಗುತ್ತಿದ್ದವು. ಅಳೆದದ್ದು ಒಂದು ವರ್ಷದಷ್ಟು, ಅದನ್ನು ಸೋಸಿ ಫಲಿತಾಂಶ ಹೇಳುವ ಹೊತ್ತಿಗೆ 2011. ಐನ್‌ಸ್ಟೈನ್ ಗೆದ್ದರು, ಆದರೆ ಈ ಎಳೆತದ ಅಳತೆಯಲ್ಲಿ ಶೇ. 19ರಷ್ಟು ಅನಿಶ್ಚಿತತೆ ಉಳಿಯಿತು. ಗುರಿ ಶೇ. 1 ಇತ್ತು. ಸುಮಾರು 75 ಕೋಟಿ ಡಾಲರ್ ಖರ್ಚು ಮಾಡಿದವರಿಗೆ ಇದು ಸಂಭ್ರಮವೋ ಸಂಕಟವೋ ನೀವೇ ಹೇಳಿ.

ಇದಕ್ಕೆ ಉಲ್ಟಾ ಕಥೆಯೂ ಇದೆ. 2014ರಲ್ಲಿ ಯುರೋಪಿನ ಎರಡು ಗೆಲಿಲಿಯೊ ಉಪಗ್ರಹಗಳು (ನಮ್ಮ ಜಿಪಿಎಸ್ ಥರದವು) ತಪ್ಪು ಕಕ್ಷೆ ಸೇರಿದವು. ದಾರಿ ತೋರಿಸಬೇಕಾದವೇ ದಾರಿ ತಪ್ಪಿದ್ದವು. ಎಷ್ಟು ಸರಿಮಾಡಿದರೂ ದಿನಕ್ಕೆರಡು ಸಲ ಸುಮಾರು 8,500 ಕಿ.ಮೀ. ಏರಿಳಿಯುತ್ತಿದ್ದವು. ಒಳಗೆ ಒಳ್ಳೆ ಗಡಿಯಾರ ಬೇರೆ ಇತ್ತಲ್ವಾ! ಎತ್ತರ ಬದಲಾದಂತೆ ಗಡಿಯಾರದ ಓಟ ನೋಡುತ್ತಾ ಹೋದರು, 2018ರಲ್ಲಿ 1976ರ ದಾಖಲೆ ಮುರಿಯಿತು. ಬೇಕೆಂದು ಕೇಳಿದ್ದರೆ ಇಂಥ ಕಕ್ಷೆ ಯಾರೂ ಕೊಡುತ್ತಿರಲಿಲ್ಲ.

ಇನ್ನು ಎಲ್ಲ ವಸ್ತುಗಳೂ ಒಂದೇ ಥರ ಬೀಳುತ್ತವಾ ಅನ್ನುವ ಹಳೇ ಪ್ರಶ್ನೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಬಿಟ್ಟು ತೋರಿಸಿದ್ದರು. ನೋಡಲು ಚಂದ, ಆದರೆ ಅದು ಅಳತೆ ಅಲ್ಲ. ಅಳೆದದ್ದು 2016ರಲ್ಲಿ ಹಾರಿದ ಫ್ರಾನ್ಸಿನ ಮೈಕ್ರೋಸ್ಕೋಪ್ ಉಪಗ್ರಹ. ಟೈಟಾನಿಯಂ, ಪ್ಲಾಟಿನಂ ಮಿಶ್ರಲೋಹಗಳ ಎರಡು ಉರುಳೆಗಳನ್ನು ಒಳಗಿಟ್ಟು, ಹೊರಗಿನ ತೆಳು ಗಾಳಿಯ ತಡೆಯನ್ನು ಸಣ್ಣ ಸಣ್ಣ ಗ್ಯಾಸ್ ಚಿಲುಮೆಗಳಿಂದ ಸರಿದೂಗಿಸುತ್ತಾ ಬೀಳಿಸಿದರು (ಭೂಮಿಯನ್ನು ಸುತ್ತುವುದೂ ಒಂದು ಥರದ ಬೀಳುವಿಕೆಯೇ). ಸಾವಿರ ಲಕ್ಷ ಕೋಟಿಯಲ್ಲಿ ಕೆಲವೇ ಭಾಗದ ಮಟ್ಟದವರೆಗೂ ವ್ಯತ್ಯಾಸ ಕಾಣಲಿಲ್ಲ ಅಂತ 2022ರಲ್ಲಿ ಹೇಳಿದರು. ಆದರೆ ಅದಕ್ಕೂ ಮೊದಲು ಇನ್ನೊಂದು ತಲೆನೋವು: ಬಿಸಿ ತಂಪಿಗೆ ಉಪಗ್ರಹದ ಹೊದಿಕೆ ಆಗಾಗ ಚಟ್ ಚಟ್ ಅಂದದ್ದೂ ಅಳತೆಯಲ್ಲಿ ಸಿಕ್ಕಿಬಿದ್ದಿತ್ತು, ಆ ತುಣುಕುಗಳನ್ನು ಹುಡುಕಿ ಹುಡುಕಿ ಬದಿಗಿಡಬೇಕಾಯಿತು.